ಚಹಾಕ್ಕಿಂತ ಮೊದಲೇ ಬರುವ ಬಿಳಿ ಗುಳಿಗೆಯವರಿಗೆ

ಮಾನ್ಯ ಬಿಳಿ ಗುಳಿಗೆಯವರೇ,

ಬೆಳ್ಳಿಬಣ್ಣದ ಹಾಳೆಯೊಳಗೆ ಅಣ್ಣತಮ್ಮಂದಿರೊಂದಿಗೆ ಸಾಲಾಗಿ ಪವಡಿಸಿ, ದಿನಕ್ಕೊಬ್ಬರಂತೆ ಎದ್ದು ಬಂದು ನನ್ನ ಗಂಟಲಿಳಿಯುವ ತಮಗೂ ತಮ್ಮ ಸಮಸ್ತ ವಂಶಕ್ಕೂ, ಸವದತ್ತಿ ತಾಲೂಕಿನ ಉಗರಗೋಳದಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ಚಹಾದಂಗಡಿ ಇಟ್ಟುಕೊಂಡಿರುವ ಉಮಾಶ್ರೀ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ಇತ್ತ ನಾನು, ನನ್ನ ಯಜಮಾನರಾದ ವೀರಪ್ಪನವರು, ಅತ್ತೆಯವರಾದ ಸುಂದರವ್ವನವರು ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಬೇರೆ ಕೇಳುವ ಅಗತ್ಯವಿಲ್ಲ, ಏಕೆಂದರೆ ತಾವು ಒಳಗೆ ಎಷ್ಟು ಹುಮ್ಮಸ್ಸಿನಿಂದ ಇದ್ದೀರಿ ಎಂಬುದು ನನ್ನ ಎದೆಬಡಿತದಿಂದಲೇ ಅರ್ಧ ಊರಿಗೆ ಕೇಳಿಸುತ್ತಿತ್ತು.

ದೂರು ಬರೆಯುವುದು ನನಗೆ ಹೊಸದಲ್ಲ ಎಂಬುದನ್ನು ವಿನಯದಿಂದಲೇ ತಿಳಿಸುತ್ತೇನೆ. ಅಂಗಡಿಯ ಮುಂದಿನ ದೀಪದ ಕಂಬ ಹಗಲು ಉರಿದು ಸಂಜೆ ಆರುತ್ತಿದ್ದಾಗ ಬರೆದೆ, ಈಗ ಅದು ಹಗಲೂ ಉರಿಯುತ್ತದೆ, ಸಂಜೆಯೂ ಉರಿಯುತ್ತದೆ. ಬಸ್ಸು ನಿಲ್ದಾಣದಲ್ಲಿ ಮಂದಿ ಕೂಡುವ ಬಾಕು ಮುರಿದಾಗ ಬರೆದೆ, ಬಾಕನ್ನೇ ಎತ್ತಿಕೊಂಡು ಹೋದರು. ಹೀಗೆ ನನ್ನ ಪತ್ರಗಳಿಂದ ಏನಾದರೊಂದು ಆಗಿಯೇ ಆಗುತ್ತದೆ ಎಂಬ ನಂಬಿಕೆಯಿಂದ, ಮೈಯೊಳಗಿರುವ ಅಧಿಕಾರಿಯೊಬ್ಬರಿಗೆ ಮೊದಲ ಸಲ ಬಹಿರಂಗವಾಗಿ ಬರೆಯುತ್ತಿದ್ದೇನೆ. ಅಂಚೆ ಚೀಟಿ ಹಚ್ಚುವುದು ಎಲ್ಲಿಗೆ ಎಂದು ತಿಳಿಯದ ಕಾರಣ ಪತ್ರಿಕೆಗೇ ಕಳಿಸಿದ್ದೇನೆ, ತಪ್ಪು ತಿಳಿಯಬಾರದು.

ತಮಗಿಂತ ಮೊದಲು ಈ ಕುರ್ಚಿಯಲ್ಲಿ ಐದು ವರ್ಷ ಇದ್ದವರು ಗುಲಾಬಿ ಬಣ್ಣದ ಗುಳಿಗೆಯವರು. ನನ್ನ ಕೊರಳಿನ ಥೈರಾಯ್ಡ್ ಗ್ರಂಥಿ ಕೆಲಸ ಬಿಟ್ಟು ತೂಕಡಿಸತೊಡಗಿ, ನಾನು ಒಲೆಯ ಮುಂದೆ ನಿಂತೇ ಚಳಿ ಎಂದು ನಡುಗುತ್ತ, ಬಾಚಣಿಗೆಗೆ ಕೂದಲನ್ನೂ ಸೀರೆಗೆ ಹೊಸ ಸುತ್ತಳತೆಯನ್ನೂ ಧಾರಾಳವಾಗಿ ಕೊಡುತ್ತಿದ್ದ ಕಾಲದಲ್ಲಿ ಅವರು ಬಂದರು. ಬಂದವರು ತಕ್ಷಣ ಏನನ್ನೂ ಮಾಡಲಿಲ್ಲ. ಡಾಕ್ಟರು ರಕ್ತ ತಪಾಸಣೆ ಮಾಡಿಸುವುದು, ಟಿ.ಎಸ್.ಎಚ್. ಎಂಬ ಅಂಕಿ ಇನ್ನೂ ಮೇಲೆಯೇ ಇದೆ ಎನ್ನುವುದು, ಗುಳಿಗೆಯ ಬಲ ಹೆಚ್ಚಿಸುವುದು, ಹೀಗೆ ನಾಲ್ಕಾರು ಬಡ್ತಿ ಸಿಕ್ಕ ಮೇಲೆ ಅವರು ಮನಸ್ಸು ಮಾಡಿದರು. ಆದರೂ ಅವರು ಬಹಳ ಒಳ್ಳೆಯವರಾಗಿದ್ದರು. ಯಾವ ಹೊತ್ತಿಗೆ ಕರೆದರೂ ಬರುತ್ತಿದ್ದರು, ಯಾವುದರ ಜೊತೆಗೆ ಕಳಿಸಿದರೂ ಹೋಗುತ್ತಿದ್ದರು, ನಮ್ಮ ಅಂಗಡಿಯ ರಿವಾಜಿಗೆ ಒಂದು ದಿನವೂ ಅಡ್ಡ ಬರಲಿಲ್ಲ.

ಆ ರಿವಾಜು ಏನೆಂದು ತಮಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಮಾವನವರು ಅಂಗಡಿ ತೆರೆದ ಕಾಲದಲ್ಲಿ ಗುಡ್ಡಕ್ಕೆ ಬರುವ ಪರಊರಿನ ಮಂದಿ ಎಲ್ಲಿ ಏನು ಕುಡಿದರೆ ಏನಾಗುತ್ತದೋ ಎಂದು ಅನುಮಾನಿಸುತ್ತಿದ್ದರಂತೆ. ಆಗ ಸುಂದರವ್ವನವರು ಕುದಿಸಿದ ಚಹಾದ ಮೊದಲ ಗ್ಲಾಸನ್ನು ಎಲ್ಲರೆದುರಿಗೆ ತಾವೇ ಕುಡಿದು, ಖಾಲಿ ಗ್ಲಾಸನ್ನು ಕಟ್ಟೆಯ ಮೇಲೆ ಬೋರಲು ಹಾಕಿ, “ಮಾಡಿದಾಕಿ ಜೀವಂತ ಅದಾಳ, ಇನ್ನ ಕುಡೀರಿ” ಎಂದರಂತೆ. ಅಂದಿನಿಂದ ಇಂದಿನವರೆಗೆ ನಮ್ಮ ಅಂಗಡಿಯಲ್ಲಿ ಬೋರಲು ಗ್ಲಾಸು ಕಾಣುವ ತನಕ ಗಿರಾಕಿ ಚಹಾ ಕೇಳುವುದಿಲ್ಲ, ನಾವು ಕೊಡುವುದೂ ಇಲ್ಲ. ನಾನು ಸೊಸೆಯಾಗಿ ಬಂದು ಕೆಲವು ವರ್ಷಗಳಾದ ಮೇಲೆ ಅತ್ತೆ ಒಂದು ಬೆಳಿಗ್ಗೆ ಆ ಗ್ಲಾಸನ್ನು ನನ್ನ ಕೈಗೆ ಕೊಟ್ಟರು. ಕೆಲವು ಮನೆಗಳಲ್ಲಿ ಸೊಸೆಗೆ ತಿಜೋರಿಯ ಬೀಗದ ಕೈ ಕೊಡುತ್ತಾರೆ, ನನಗೆ ಸಿಕ್ಕಿದ್ದು ಮೊದಲ ಗುಟುಕು. ರಾಮದುರ್ಗದ ಕಡೆಯಿಂದ ಸುರೇಬಾನದ ಮೇಲೆ ಹಾದು ಬರುವ ಮೊದಲ ಬಸ್ಸಿನ ಅಷ್ಟೂ ಮಂದಿ ನನ್ನ ಗಂಟಲನ್ನೇ ನೋಡುತ್ತ ನಿಂತಿರುವಾಗ ಆ ಗುಟುಕು ಇಳಿಸುವ ಸುಖವನ್ನು ಎಷ್ಟು ಬರೆದರೂ ತಮಗೆ ತಿಳಿಯದು. ಗುಲಾಬಿಯವರು ಪ್ರತಿದಿನ ಅದೇ ಗುಟುಕಿನ ಜೊತೆಗೆ, ಹಾಲು ಸಕ್ಕರೆ ಯಾಲಕ್ಕಿಗಳ ಸಹವಾಸದಲ್ಲಿ, ಮೆರವಣಿಗೆಯಲ್ಲಿ ಹೋದಂತೆ ಒಳಗೆ ಹೋಗುತ್ತಿದ್ದರು.

ಹೀಗಿರುವಾಗ ಸವದತ್ತಿಯ ಔಷಧಿ ಅಂಗಡಿಗೆ ಗುಲಾಬಿಯವರ ಕಂಪನಿಯ ಸರಕು ಬರುವುದು ನಿಂತುಹೋಯಿತು. ಅಂಗಡಿಯವನು ತಮ್ಮನ್ನು ನನ್ನ ಕೈಗಿಟ್ಟು, “ಕಂಪನಿ ಬ್ಯಾರೆ ಅಷ್ಟರಿ ಅಕ್ಕಾರ, ಒಳಗಿನ ಮಾಲ ಒಂದ” ಎಂದ. ಗುಲಾಬಿಯವರ ಡಬ್ಬಿಯಲ್ಲಿಯೂ ಮಡಚಿದ ಕಾಗದವೊಂದು ಇರುತ್ತಿತ್ತು, ತೆಳ್ಳಗೆ ಒಣಗಿದ್ದರಿಂದ ಒಲೆ ಹೊತ್ತಿಸಲು ಅದರಂಥ ಕಾಗದ ಬೇರೆ ಇರಲಿಲ್ಲ. ತಮ್ಮದು ಹಾಗಲ್ಲ. ತಮ್ಮ ಪೆಟ್ಟಿಗೆಯ ಮೇಲೆಯೇ ಒಂದು ಚಿತ್ರ. ಬಲಕ್ಕೆ ನೀರಿನ ಗ್ಲಾಸು, ಎಡಕ್ಕೆ ಹೊಗೆಯಾಡುವ ಚಹಾದ ಕಪ್ಪು ಬಶಿ, ಆ ಕಪ್ಪಿನ ಮೇಲೆ ಅಡ್ಡಡ್ಡಲಾಗಿ ಎಳೆದ ಕೆಂಪು ಗೀಟು. ಚಹಾ ಮಾರಿ ಬದುಕುವವಳ ಮನೆಗೆ ಬರುವಾಗ ಚಹಾದ ಮೇಲೆ ಗೀಟೆಳೆದುಕೊಂಡು ಬರುವ ತಮ್ಮ ಧೈರ್ಯವನ್ನು ಮೆಚ್ಚಲೇಬೇಕು. ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ತಮ್ಮನ್ನು ಬರಮಾಡಿಕೊಂಡು, ಒಂದು ತಾಸು ಚಹಾ ಮುಟ್ಟದೆ ಕೂಡಬೇಕೆಂದು ಕೆಳಗೆ ಕನ್ನಡದಲ್ಲಿಯೇ ಬರೆದಿತ್ತು. ಹೊಸದಾಗಿ ವರ್ಗವಾಗಿ ಬಂದ ಸಾಹೇಬರ ಮೊದಲ ಆದೇಶವನ್ನು ಯಾರೂ ಮೀರುವುದಿಲ್ಲವಾದ್ದರಿಂದ ನಾನೂ ಒಪ್ಪಿದೆ.

ಆದರೆ ನಾನು ತಾಸು ಕುಳಿತರೆ ಬಸ್ಸು ಕೂಡುತ್ತದೆಯೇ? ಮೊದಲ ದಿನ ಕಟ್ಟೆಯ ಮೇಲೆ ಬೋರಲು ಗ್ಲಾಸು ಕಾಣದೆ ಮಂದಿ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಎದುರಿಗಿನ ಯಮನಪ್ಪನ ಅಂಗಡಿಯನ್ನು ನೋಡಿದರು. ಬಸ್ಸಿನ ಡ್ರೈವರ್ ಶಂಕ್ರೆಪ್ಪನಂಥ ಹಳೆಯ ಗಿರಾಕಿಯೇ ಒಂದು ಕಾಲನ್ನು ರಸ್ತೆಯ ಆ ಕಡೆಗೆ ಇಟ್ಟಿದ್ದ. ಆಗ ಒಳಗಿನಿಂದ ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಬಂದು, “ಕೊಡಿಲ್ಲೆ, ನನಗೇನ ಗುಳಗಿ ಇಲ್ಲ” ಎಂದು ಗ್ಲಾಸು ಕಸಿದು ಸುರ್ರೆಂದು ಕುಡಿದು, ಟಕ್ಕನೆ ಬೋರಲು ಹಾಕಿದರು. ಶಂಕ್ರೆಪ್ಪ ತನ್ನ ಕಾಲನ್ನು ಮರಳಿ ತಂದುಕೊಂಡ. ಅಂಗಡಿ ಉಳಿಯಿತು, ನನ್ನ ಗುಟುಕು ಹೋಯಿತು. ಹೊಟ್ಟೆ ಉರಿಯಿತು ಎಂದು ಬರೆದರೆ ತಾವು ಆಮ್ಲಪಿತ್ತವೆಂದು ತಿಳಿಯಬಾರದು, ಅದು ಶುದ್ಧ ಮತ್ಸರವೇ ಆಗಿತ್ತು.

ಇನ್ನು ತಮ್ಮ ಕಾರ್ಯವೈಖರಿಯ ವಿಷಯ. ಕೆಲವು ವಾರಗಳಲ್ಲಿ ನನ್ನ ಮೈಯಲ್ಲಿ ಎಂಥ ಆಡಳಿತ ಸುಧಾರಣೆ ತಂದಿರಿ, ಮಾನ್ಯರೇ! ಒಂದು ಕಾಲಕ್ಕೆ ತೂಕಡಿಸುತ್ತಿದ್ದ ನಾನು ಕೋಳಿಗಿಂತ ಮೊದಲು ಎದ್ದು ಅಂಗಡಿಯ ಡಬ್ಬಿಗಳನ್ನೆಲ್ಲ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೊಮ್ಮೆ ತಿಕ್ಕಿದೆ, ಏಣಿ ಹಾಕಿ ಬೋರ್ಡು ತೊಳೆಯಲು ಹೋಗಿ ಅದರ ಮೇಲಿನ ಅಕ್ಷರಗಳನ್ನೂ ತೊಳೆದೆ. ಒಂದು ಬಸ್ಸಿಗೆ ಬೇಕಾದಲ್ಲಿ ಮೂರು ಬಸ್ಸಿಗಾಗುವಷ್ಟು ಚಹಾ ಕುದಿಸಿ, ಉಳಿದಿದ್ದನ್ನು ದಾರಿಹೋಕರನ್ನು ಕೈಹಿಡಿದು ಕರೆತಂದು ಕುಡಿಸಿದೆ. ಯಮನಪ್ಪನ ಅಂಗಡಿಯ ನಲ್ಲಿ ಸೋರುವುದನ್ನು ನೋಡಲಾರದೆ ರಸ್ತೆ ದಾಟಿ ಹೋಗಿ ದುರಸ್ತಿ ಮಾಡಿ, ಬರುವಾಗ ಅವನ ಕಪ್ಪುಗಳನ್ನೂ ಎತ್ತರದ ಪ್ರಕಾರ ಜೋಡಿಸಿ ಬಂದೆ. ಯಮನಪ್ಪ ನಾನು ಅವನ ಅಂಗಡಿಯನ್ನೇ ಕೊಳ್ಳಲು ಬಂದಿದ್ದೇನೆಂದು ಹೆದರಿ ಎರಡು ದಿನ ಊಟ ಬಿಟ್ಟನಂತೆ. ಗುಡ್ಡಕ್ಕೆ ಹೊರಟ ಗೆಳತಿಯರ ಜೊತೆ ನಡೆದವಳು, ಅವರು ಅರ್ಧ ದಾರಿ ಹತ್ತುವಷ್ಟರಲ್ಲಿ ದರ್ಶನ ಮುಗಿಸಿ ಇಳಿದು ಬರುತ್ತ ಅವರಿಗೆ ಎದುರಾಗಿ ಭಂಡಾರ ಹಚ್ಚಿದೆ. ಊರ ಮಂದಿ ಬೆಳಗಿನ ಚಹಾ ಫರಾಳಕ್ಕೆ ಸ್ವೆಟರು ಹಾಕಿಕೊಂಡು ಬರುವ ಚಳಿಯಲ್ಲಿ ನಾನು ಫ್ಯಾನಿನ ಕೆಳಗೆ ನಿಂತು ಹಾಡುತ್ತಿದ್ದೆ. ಮೊದಲು ತಮ್ಮ ಈ ಉಪಕಾರವನ್ನು ನಾನು ಉಪಕಾರವೆಂದೇ ತಿಳಿದಿದ್ದೆ. ಹದಿನಾರು ವರ್ಷದವಳಂತೆ ಆಗಿದ್ದೇನೆ ಎಂದು ಎಲ್ಲರಿಗೂ ಹೇಳಿದೆ, ಬಹಳ ವೇಗವಾಗಿ ಹೇಳಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಕೈ ನಡುಗತೊಡಗಿತು. ಬಶಿಯ ಮೇಲೆ ಕಪ್ಪು ಗಿಣಿಗಿಣಿ ಸದ್ದು ಮಾಡುತ್ತಿತ್ತು. ಶಂಕ್ರೆಪ್ಪ ಸಂಕೋಚದಿಂದಲೇ, “ಅಕ್ಕಾರ, ಚಾ ಕಪ್ಪಿನ್ಯಾಗ ಕೊಡ್ರಿ, ಅಂಗಿ ಮ್ಯಾಲ ಬ್ಯಾಡ್ರಿ” ಎಂದ. ಸುಮ್ಮನೆ ಕುಳಿತಾಗಲೂ ಎದೆ ಗಿರಣಿಯಂತೆ ಓಡುತ್ತಿತ್ತು, ಕಣ್ಣು ಮುಚ್ಚಿದರೆ ನಿದ್ದೆಯ ಬದಲು ನಾಳೆಯ ಕೆಲಸ ಬರುತ್ತಿತ್ತು, ಸೀರೆ ಸಡಿಲಾಯಿತು, ಸಕ್ಕರೆ ಡಬ್ಬಿಯ ಮುಚ್ಚಳ ಸಿಗದಿದ್ದಕ್ಕೆ ಗಳಗಳನೆ ಅತ್ತುಬಿಟ್ಟೆ. ಒಂದು ಬೆಳಿಗ್ಗೆ ಸೌಟು ಕೈಜಾರಿ ಕುದಿಯುವ ಚಹಾ ಅತ್ತೆಯ ಪಾದದ ಹತ್ತಿರವೇ ಚೆಲ್ಲಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮೊದಲ ಗುಟುಕು ಹೋಗಿದ್ದು ಸಾಲದೆಂದು ಒಲೆಯ ಮುಂದಿನ ಜಾಗವೂ ಹೋಗುತ್ತದೆ ಎನಿಸಿತು. ಆ ದಿನವೇ ಸವದತ್ತಿಗೆ ಹೋಗಿ ರಕ್ತ ಕೊಟ್ಟು ಬಂದೆ.

ರಿಪೋರ್ಟು ಬಂತು. ಟಿ.ಎಸ್.ಎಚ್. ಸೊನ್ನೆ ದಶಮಾಂಶ ಸೊನ್ನೆ ಎರಡು. ಐದು ವರ್ಷದ ಹಿಂದೆ ಕಾಯಿಲೆ ಗೊತ್ತಾದಾಗ ಇದೇ ಅಂಕಿ ಮೂವತ್ತು ದಾಟಿತ್ತು ಎಂಬುದನ್ನು ನೆನಪಿಟ್ಟುಕೊಂಡಿದ್ದ ನಮ್ಮ ಯಜಮಾನರು ರಿಪೋರ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು, “ಬ್ಯಾನಿ ಸೊನ್ನಿ ಆತು! ಬೇರ ಸಹಿತ ಹೋತು!” ಎಂದು ಕುಣಿದಾಡಿ, ಆ ದಿನದ ಮೊದಲ ಬಸ್ಸಿಗೆಲ್ಲ ಪುಕ್ಕಟೆ ಚಹಾ, ಮೇಲೊಂದು ಧಾರವಾಡ ಪೇಢೆ ಹಂಚಿದರು. ಅತ್ತೆ ಮಾತ್ರ ಪೇಢೆ ಮುಟ್ಟಲಿಲ್ಲ. ಅವರ ಲೆಕ್ಕವೇ ಬೇರೆ. “ಗಲ್ಲಾದಾಗ ಸೊನ್ನಿ ಬಂದ್ರ ಅದಕ್ಕ ದಿವಾಳಿ ಅಂತಾರೋ ಖೋಡಿ, ಪೇಢೆ ಹಂಚೂದಿಲ್ಲ. ಈಕಿ ಕೊರಳಾಗ ಏನೂ ಉಳದಿಲ್ಲ. ಇನ್ನೊಂದು ಗುಳಗಿ ಜಾಸ್ತಿ ಕೊಡ್ರಿ” ಎಂದರು. ಒಬ್ಬರು ಕಾಯಿಲೆ ಮುಗಿಯಿತೆಂದು ಗುಳಿಗೆ ನಿಲ್ಲಿಸಲು, ಇನ್ನೊಬ್ಬರು ಗ್ರಂಥಿ ಮುಗಿಯಿತೆಂದು ಎರಡು ಕೊಡಲು ಜಗಳಕ್ಕೆ ನಿಂತಾಗ, ನಾನು ನಡುವೆ ನಿಂತು ಇಬ್ಬರಿಗಿಂತ ಜೋರಾಗಿ ನಡುಗುತ್ತಿದ್ದೆ.

ಕೊನೆಗೆ ಬೈಲಹೊಂಗಲದ ಡಾಕ್ಟರಮ್ಮ ಸ್ನೇಹಲ್ ಅವರ ಹತ್ತಿರ ಮೂವರೂ ಹೋದೆವು. ಅವರು ರಿಪೋರ್ಟು ನೋಡಿ, ನಾಡಿ ಹಿಡಿದು, ನನ್ನ ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಗಾಳಿಪಟದಂತೆ ಹಾರಾಡಿತು. ನನ್ನ ಕಸುಬು ಕೇಳಿ ತಿಳಿದುಕೊಂಡ ಅವರು, ಅಂಗಡಿಯಲ್ಲಿ ಚಹಾ ತಡವಾದರೆ ಗಿರಾಕಿ ಏನು ಮಾಡುತ್ತಾರೆ ಎಂದರು. ಚಹಾ ಎಲ್ಲಿ ಎಂದು ಒದರುತ್ತಾರೆ ಎಂದೆ. “ಟಿ.ಎಸ್.ಎಚ್. ಅಂದ್ರ ಆ ಒದರಾಟ ನೋಡ್ರಿ ಅಕ್ಕಾರ. ನಿಮ್ಮ ತಲಿ ಗಿರಾಕಿ, ಕೊರಳಾಗಿನ ಗ್ರಂಥಿ ಅಂಗಡಿ. ಚಾ ಬರಲಿಲ್ಲಂದ್ರ ತಲಿ ಜೋರ ಒದರತೈತಿ, ಅಂಕಿ ಏರತೈತಿ. ಈಗ ನಿಮ್ಮ ಮೈಯಾಗ ಚಾ ಹೊಳಿಯಾಗಿ ಹರೀಲಿಕ್ಕ ಹತ್ತೈತಿ, ಗಿರಾಕಿ ಯಾಕ ಒದರ್ತಾನ? ಅದಕ್ಕ ಸೊನ್ನಿ. ಸುಮಾರ ಅರ್ಧದಿಂದ ನಾಕೂವರಿ ಒಳಗ ಒದರಿದ್ರ ಅಂಗಡಿ ಬರೋಬ್ಬರಿ ನಡದೈತಿ ಅಂತ ತಿಳ್ಕೋರಿ” ಎಂದರು. ಅಂದರೆ ಅಂಕಿ ಏರಿದಾಗ ನನ್ನಲ್ಲಿ ಕಡಿಮೆ, ಅಂಕಿ ಇಳಿದಾಗ ನನ್ನಲ್ಲಿ ಹೆಚ್ಚು. ಇಂಥ ತಲೆಕೆಳಗಾದ ಲೆಕ್ಕವನ್ನು ಯಾವ ಶಾಲೆಯಲ್ಲಿಯೂ ನಮಗೆ ಕಲಿಸಲಿಲ್ಲ. ನಮ್ಮ ಯಜಮಾನರು ಹಂಚಿದ ಪೇಢೆಗಳನ್ನು ಮನಸ್ಸಿನಲ್ಲಿಯೇ ವಾಪಸು ಕೇಳುತ್ತಿದ್ದುದು ಅವರ ಮುಖದಲ್ಲಿ ಕಾಣುತ್ತಿತ್ತು.

ಆಗ ನಾನು ತಮ್ಮ ಮೇಲೆ ದೂರು ಹೇಳಿದೆ. ಈ ಬಿಳಿಯವರು ಬಂದ ಮೇಲೆಯೇ ಎಲ್ಲ ಆಗಿದ್ದು, ನಮ್ಮ ಗುಲಾಬಿಯವರು ಇಂಥವರಲ್ಲ ಎಂದೆ. ಕಂಪನಿ ಬದಲಾದರೆ ಒಮ್ಮೊಮ್ಮೆ ಸ್ವಲ್ಪ ಹೆಚ್ಚುಕಡಿಮೆ ಆಗುವುದುಂಟು, ಆದರೆ ಇಷ್ಟು ಆಗಲಾರದಲ್ಲ ಎಂದು ಡಾಕ್ಟರಮ್ಮ ಯೋಚಿಸಿ, ಗುಲಾಬಿಯವರನ್ನು ಹೇಗೆ ತೆಗೆದುಕೊಳ್ಳುತ್ತಿದ್ದೆ ಎಂದು ಕೇಳಿದರು. ಬೋರಲು ಗ್ಲಾಸಿನ ಕಥೆಯನ್ನು ಅತ್ತೆಯೇ ಅಭಿಮಾನದಿಂದ ಹೇಳಿದರು. ಡಾಕ್ಟರಮ್ಮ ಬಾಯಿಗೆ ಕೈಹಚ್ಚಿ ನಕ್ಕವರು ಕಣ್ಣೊರೆಸಿಕೊಂಡು ಹೇಳಿದ್ದು ಇಷ್ಟು. ಐದು ವರ್ಷ ಗುಲಾಬಿಯವರ ಬಹುಪಾಲನ್ನು ಹಾಲು ಚಹಾಗಳೇ ಹಿಡಿದಿಟ್ಟುಕೊಂಡಿದ್ದವು. ಮೈಗೆ ಮುಟ್ಟುತ್ತಿಲ್ಲವೆಂದೇ ಬಲ ಏರಿಸುತ್ತ ಹೋಗಿದ್ದರು. ಹಾಗೆ ಏರಿಸಿದ ಬಲದ ಗುಳಿಗೆಯನ್ನು ಈಗ ನಾನು ಮೊದಲ ಸಲ ಬರೀ ನೀರಿನಲ್ಲಿ ನುಂಗಿದೆ, ಅಷ್ಟೂ ಒಳಗೆ ಹೋಯಿತು. ತಾವು ನಿರಪರಾಧಿಗಳು.

ಮಾನ್ಯರೇ, ತಾವು ನಿರಪರಾಧಿಗಳೆಂದು ಸಾಬೀತಾದ ಮಾತ್ರಕ್ಕೆ ನಾನು ದೂರು ಹಿಂತೆಗೆದುಕೊಳ್ಳುತ್ತೇನೆಂದು ತಿಳಿಯಬೇಡಿ. ಒಳಗೆ ಹೋಗುವಾಗಲಾದರೂ ಒಂದು ಮಾತು, ಉಮಾಶ್ರೀ, ನಾನು ಪೂರ್ತಿ ಬರುತ್ತಿದ್ದೇನೆ, ಹುಷಾರು ಎಂದು ತಾವು ಹೇಳಬಹುದಿತ್ತು. ಅಷ್ಟು ಪ್ರಾಮಾಣಿಕರು ಅಷ್ಟು ಮೌನಿಗಳಾಗಿದ್ದರೆ ಮನೆ ನಡೆಯುವುದು ಹೇಗೆ? ಆದ್ದರಿಂದ ನನ್ನ ಕೆಲವು ಸಣ್ಣ ಬೇಡಿಕೆಗಳನ್ನು ದಯವಿಟ್ಟು ಪುರಸ್ಕರಿಸಬೇಕು. ತಾವು ಹಾಲಿನೊಂದಿಗೆ ಇಟ್ಟುಕೊಂಡಿರುವ ಹಳೆಯ ವೈರವನ್ನು ಹಿರಿಯರ ಎದುರಿಗೆ ಕೂತು ರಾಜಿ ಮಾಡಿಕೊಳ್ಳಬೇಕು, ಪಂಚಾಯತಿಗೆ ಬೇಕಾದ ಚಹಾ ನಮ್ಮ ಕಡೆಯಿಂದ. ಅದಾಗದಿದ್ದರೆ ಉಗರಗೋಳದ ಮಟ್ಟಿಗಾದರೂ ಸೂರ್ಯ ಒಂದು ತಾಸು ತಡವಾಗಿ ಹುಟ್ಟುವಂತೆ ತಮ್ಮ ಪ್ರಭಾವ ಬಳಸಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳ ಗಿರಾಕಿಗಳಿರುವಾಗ ಮಾತ್ರ ಕೋಳಿಗಿಂತ ಮೊದಲು ಏಳುವ ಆ ಹಳೆಯ ಹುಮ್ಮಸ್ಸನ್ನು, ನಡುಕ ತೆಗೆದು, ಬಿಡಿಯಾಗಿ ಕೊಡುವ ಏರ್ಪಾಟಾಗಬೇಕು. ತಮ್ಮ ಪೆಟ್ಟಿಗೆಯ ಮೇಲಿನ ಕಪ್ಪು ಬಶಿಯ ಚಿತ್ರವನ್ನು ಅಳಿಸಿ ಬೇರೇನಾದರೂ ಬರೆಸಬೇಕು, ಬೇಕಾದರೆ ಯಮನಪ್ಪನ ಕಪ್ಪಿನ ಚಿತ್ರ ಹಾಕಿಸಿದರೂ ನನ್ನ ಅಭ್ಯಂತರವಿಲ್ಲ.

ಸದ್ಯದ ಸ್ಥಿತಿ ಹೀಗಿದೆ. ಡಾಕ್ಟರಮ್ಮ ತಮ್ಮ ಬಲವನ್ನು ಇಳಿಸಿದರು, ನೀವು ನೀವೇ ಗುಳಿಗೆ ಏರಿಸಿ ಇಳಿಸಿ ಮಾಡಬೇಡಿರೆಂದು ಮೂವರಿಗೂ ಬೆರಳು ತೋರಿಸಿ ಹೇಳಿದರು, ಒಂದೂವರೆ ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಲು ಬರೆದರು. ಹೊಸ ರಿಪೋರ್ಟಿನಲ್ಲಿ ಎರಡು ದಶಮಾಂಶ ಒಂದು ಬಂದಿದೆ. ಗಿರಾಕಿ ಹದವಾಗಿ ಒದರುತ್ತಿದ್ದಾನೆ. ಕಪ್ಪು ಬಶಿಗಳು ಸದ್ದಿಲ್ಲದೆ ಕೂಡುತ್ತವೆ, ಶಂಕ್ರೆಪ್ಪನ ಅಂಗಿ ಶುಭ್ರವಾಗಿದೆ, ಯಮನಪ್ಪನ ನಲ್ಲಿ ಮತ್ತೆ ಸೋರುತ್ತಿದ್ದರೂ ನನಗೆ ರಸ್ತೆ ದಾಟಬೇಕೆನಿಸುವುದಿಲ್ಲ.

ಮೊದಲ ಗ್ಲಾಸು ಮಾತ್ರ ಇನ್ನೂ ಅತ್ತೆಯ ಕೈಯಲ್ಲಿಯೇ ಇದೆ. ಹಿಂದೆ ನನಗೆ ಗ್ಲಾಸು ಕೊಟ್ಟ ಮೇಲೆ ಅವರು ಬಿಸಿಲು ಹೊಸ್ತಿಲಿಗೆ ಬರುವವರೆಗೆ ಹಾಸಿಗೆಯಲ್ಲಿಯೇ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಎಬ್ಬಿಸಲು ಹೋದರೆ, “ಎದ್ದು ನಾ ಏನ ಕಡೀಬೇಕಾಗೇತಿ?” ಎನ್ನುತ್ತಿದ್ದರು. ಈಗ ನನಗಿಂತ ಮೊದಲು ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಇಳಕಲ್ ಸೀರೆಯುಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸ್ಟೂಲಿನ ಮೇಲೆ ಪಟ್ಟಕ್ಕೇರಿದಂತೆ ಕೂಡುತ್ತಾರೆ. “ಬಸ್ ಸುರೇಬಾನ ಬಿಟ್ಟಿರಬೇಕಲ್ಲ?” ಎಂದು ನನ್ನನ್ನು ಕೇಳುತ್ತಾರೆ. ಗುಟುಕು ಇಳಿಸಿ, ಕಣ್ಣು ಮುಚ್ಚಿ, ಎಲ್ಲರನ್ನೂ ಕಾಯಿಸಿ, “ಇನ್ನೊಂದು ಕುದಿ ಬರಲಿ” ಎಂದು ತೀರ್ಪು ಕೊಡುತ್ತಾರೆ. ಇಡೀ ಬಸ್ಸು ಇನ್ನೊಂದು ಕುದಿಗಾಗಿ ಕಾಯುತ್ತದೆ. ಇದಕ್ಕೆಲ್ಲ ತಾವೇ ಕಾರಣರು ಎಂಬುದನ್ನು ಇನ್ನೊಮ್ಮೆ ಬಹಿರಂಗವಾಗಿ ಆಕ್ಷೇಪಿಸಿ, ಪತ್ರ ಮುಗಿಸುತ್ತೇನೆ.

ತಮ್ಮ ವಿಶ್ವಾಸಿ,
ಉಮಾಶ್ರೀ ವೀರಪ್ಪ
ಬೋರಲು ಗ್ಲಾಸಿನ ಚಹಾದಂಗಡಿ, ಉಗರಗೋಳ

ತಾ.ಕ.: ಡಾಕ್ಟರಮ್ಮ ನನ್ನನ್ನೊಬ್ಬಳನ್ನೇ ಬಾಗಿಲ ಹತ್ತಿರ ನಿಲ್ಲಿಸಿ, “ಮುಂಜಾನಿ ಚಾದ್ದು ಅಷ್ಟು ತ್ರಾಸ ಇದ್ರ ರಾತ್ರಿ ತಗೋರಿ, ಊಟ ಆಗಿ ಮೂರ್ನಾಕು ತಾಸು ಬಿಟ್ಟು. ನಡೀತೈತಿ” ಎಂದಿದ್ದರು. ಆದ್ದರಿಂದ ಆವತ್ತಿನಿಂದ ತಾವು ನನ್ನ ಹೊಟ್ಟೆಗೆ ಬರುತ್ತಿರುವುದು ಮಲಗುವ ಹೊತ್ತಿಗೆ ಎಂಬುದು ತಮಗೆ ಗೊತ್ತು, ನನಗೆ ಗೊತ್ತು. ಬೆಳಿಗ್ಗೆ ಅತ್ತೆಯ ಎದುರಿಗೆ ನಾನು ಖಾಲಿ ಅಂಗೈಯನ್ನು ಬಾಯಿಗೆ ಒಗೆದುಕೊಂಡು ಬರೀ ನೀರು ಕುಡಿಯುತ್ತೇನೆ. “ಗುಳಗಿ ತಗೊಂಡಿಯಲ್ಲ? ಹಂಗಾರ ತಾಸ ಸುಮ್ಮ ಕುಂದ್ರು, ಅಂಗಡಿ ನಾ ನೋಡ್ತೇನಿ” ಎಂದು ಅವರು ಗ್ಲಾಸಿಗೆ ಕೈಚಾಚುತ್ತಾರೆ, ನಾನು ಚಹಾದ ವಾಸನೆ ಕುಡಿಯುತ್ತ ಸುಮ್ಮನೆ ಕೂಡುತ್ತೇನೆ. ಅತ್ತೆಗೆ ಪತ್ರಿಕೆ ಓದಿ ಹೇಳುವವನು ಶಂಕ್ರೆಪ್ಪ, ಈ ಪುಟ ಹಾರಿಸಲು ಅವನಿಗೆ ಹೇಳಿದ್ದೇನೆ. ಗುಟ್ಟು ಬಲ್ಲವರಲ್ಲಿ ಇನ್ನುಳಿದವರು ತಾವು. ಬಾಯಿ ಬಿಡದ ತಮ್ಮ ಸ್ವಭಾವದ ಬಗ್ಗೆ ಮೇಲೆ ಬರೆದ ಟೀಕೆಯನ್ನು ಮಾತ್ರ, ಅದೊಂದನ್ನೇ, ಹಿಂತೆಗೆದುಕೊಂಡಿದ್ದೇನೆ.